ಲೋರವ್ವನ ಹಿಮ್ಮೇಳ

ನಮ್ಮ ಶಾಲೆಯ ಮಕ್ಕಳು ಪ್ರಾರ್ಥನೆಗೆ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾರೆ ಎಂದು ಹೆಡ್‌ಮಾಸ್ತರರು ಮೊನ್ನೆ ನನ್ನನ್ನು ಕರೆದು ಹೇಳಿದರು.

"ಅಕ್ಕೋರ, ಹುಡುಗರು ಯಾಕೋ ಎಡವಿದಂಗ ಚಪ್ಪಾಳಿ ಹೊಡಿತಾವ್ರಿ. ಇದನ್ನ ಯಾರು ಕಲಸ್ಯಾರ?"

"ನೋಡ್ತೇನ್ರಿ ಸರ್" ಎಂದು ಗಂಭೀರವಾಗಿ ತಲೆಯಾಡಿಸಿ ಬಂದೆ. ನೋಡುವುದೇನೂ ಇರಲಿಲ್ಲ. ಹಳಿಯಾಳದ ನಮ್ಮ ಕನ್ನಡ ಶಾಲೆಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವವಳು ನಾನು. ಮಕ್ಕಳು ಕಣ್ಣು ಮುಚ್ಚಬೇಕಾದ ಹೊತ್ತಿಗೆ ಕಣ್ಣು ತೆರೆದು ನನ್ನ ಎಡಗಾಲನ್ನು ನೋಡುತ್ತಾರೆ. ಆ ಕಾಲು ಒಂದು ವರ್ಷದಿಂದ ಕೆಟ್ಟುಹೋಗಿದೆ. ತಾಳದ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಸುಮ್ಮನಿರುತ್ತದೆ. ಅದರ ಮಗ್ಗುಲಿನ ಖಾಲಿ ಜಾಗದಲ್ಲಿ ಹೋಗಿ ಟಪ್ಪೆನ್ನುತ್ತದೆ. ಐವತ್ತೆರಡು ವರ್ಷ ಶಿಸ್ತಾಗಿದ್ದ ಕಾಲು. ಅದನ್ನು ಕೆಡಿಸಿದವರು ಅಮೆರಿಕದಿಂದ ಬಂದ ಒಬ್ಬ ಅಜ್ಜಿ. ಆಕೆಯ ಹೆಸರು ಲೋರಾ. ನಮ್ಮ ಅವ್ವ ಆಕೆಯನ್ನು ಇವತ್ತಿಗೂ ಲೋರವ್ವ ಎನ್ನುತ್ತಾಳೆ.

ನನ್ನ ಹಾರ್ಮೋನಿಯಂ ವಿದ್ಯೆಯ ಬಗ್ಗೆ ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ದೊಡ್ಡದೇನನ್ನೋ ನಿರೀಕ್ಷಿಸುವುದು ಬೇಡ. ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಎಷ್ಟೋ ಮನೆಗಳು ನಾವಿದ್ದ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದವು. ಸೋಮವಾರಕ್ಕೊಮ್ಮೆ ಭಜನೆ ನಡೆಯುತ್ತಿತ್ತು. ಪೇಟಿ ನುಡಿಸುತ್ತಿದ್ದ ಮಾಸ್ತರರಿಗೆ (ನಮ್ಮಲ್ಲಿ ಹಾರ್ಮೋನಿಯಂಗೆ ಪೇಟಿ ಎನ್ನುವುದೇ ರೂಢಿ) ಒಬ್ಬ ಶಿಷ್ಯ ಬೇಕಾಗಿದ್ದ. ಗಂಡುಹುಡುಗರೆಲ್ಲ ಹೊಳೆಗೆ ಈಜಲು ಹೋಗಿದ್ದರು. ಸಿಕ್ಕವಳು ನಾನು. ಮಾಸ್ತರರು ಒಳ್ಳೆಯವರೇ, ಆದರೆ ನನ್ನ ಬೆರಳು ಜಾರಿ ಕೋಮಲ ಗಾಂಧಾರವನ್ನೂ ಶುದ್ಧ ಗಾಂಧಾರವನ್ನೂ ಒಟ್ಟಿಗೆ ಒತ್ತಿದರೆ ಸಾಕು, ಕೈಯಲ್ಲಿದ್ದ ತಲೆ ಬಾಚುವ ಹಣಿಗೆಯಿಂದ ಬೆರಳ ಗಂಟಿನ ಮೇಲೆ ಟಕ್ಕನೆ ಬಾರಿಸುತ್ತಿದ್ದರು. "ಒಂದು ಮನಿಯಾಗ ಇಬ್ಬರು ಯಜಮಾನರು ಇರಬಾರದು" ಎನ್ನುವುದು ಅವರ ವಿವರಣೆ. ಹಾಗಾಗಿ ಆ ಎರಡು ಮನೆಗಳ, ಅಂದರೆ ಪೇಟಿಯ ಪಟ್ಟಿಗಳ, ಮಧ್ಯೆ ಹೋಗುವಾಗ ನನ್ನ ಬೆರಳು ಇವತ್ತಿಗೂ ತುಸು ಹೆದರುತ್ತದೆ. ಹೆದರುತ್ತಿತ್ತು ಎನ್ನಬೇಕು.

ಹೋದ ವರ್ಷದ ಒಂದು ಭಾನುವಾರ. ಚಳಿಗಾಲದ ಬೆಳಗ್ಗೆ. ನಾನು ಮತ್ತು ಅವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಮಂಜುಳಾ ಫೋನ್ ಮಾಡಿದಳು. ಮಂಜುಳಾ ನನ್ನ ಹಳೆಯ ವಿದ್ಯಾರ್ಥಿನಿ. ದಾಂಡೇಲಿಯಲ್ಲಿ ಕಾಳಿ ಹೊಳೆಯ ದಂಡೆಗೆ ಪ್ರವಾಸಿಗರಿಗಾಗಿ ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಾಳೆ. ಅವಳ ಅಂಗಳದಲ್ಲಿ ಆವತ್ತು ಸಂಜೆ ನಾಲ್ಕಕ್ಕೆ ಒಂದು ಕಾರ್ಯಕ್ರಮವಿತ್ತು.

"ಅಕ್ಕೋರ, ಉಳಸ್ರಿ ನನ್ನ" ಎಂದಳು. "ಅಮೆರಿಕಾದಿಂದ ಒಬ್ರು ಹಾಡೋರು ಬಂದಾರ್ರಿ. ನಿನ್ನೆನ ಕಾರಿನ್ಯಾಗ ಬಂದ್ರು. ಅವರ ಬಾಜಾದವರು ಗೋವಾದಿಂದ ಇವತ್ತು ರೈಲಿಗೆ ಹೊಂಟಿದ್ರು. ಕ್ಯಾಸಲ್‌ರಾಕ್ ಹತ್ರ ಘಟ್ಟದಾಗ ಹಳಿ ಮ್ಯಾಲೆ ಮರ ಬಿದ್ದೈತಂತ. ಗಾಡಿ ಅಲ್ಲೇ ನಿಂತೈತಿ. ನೀವು ನಿಮ್ಮ ಪೇಟಿ ತಗೊಂಡು ಬರ್ರಿ."

"ಏನು ಹಾಡ್ತಾರವಾ ಅವರು?"

"ಸೋಲ್ ಮತ್ತ ಬ್ಲೂಸ್ ಅಂತ್ರಿ."

"ಹಂಗಂದ್ರ?"

ಅವಳು ಸ್ವಲ್ಪ ಯೋಚಿಸಿದಳು. "ಸೋಲ್ ಅಂದ್ರ ಆತ್ಮಾರೀ. ಬ್ಲೂಸ್ ಅಂದ್ರ... ದುಃಖಾ ಹಾಡಿ ಹಗುರ ಆಗೂದು ಅಂತ ತಿಳ್ಕೋರಿ."

ಸ್ಪೀಕರ್ ಹಾಕಿಕೊಂಡು ಮಾತಾಡುವುದು ನನ್ನ ದುರಭ್ಯಾಸ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಆತ್ಮದ ಹಾಡಂದ್ರ ಭಜನಿನ. ನಾನೂ ಬರ್ತೇನಿ" ಎಂದು ಒಳಗೆ ಹೋದವಳು, ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು, ಇಳಕಲ್ಲ ಸೀರೆ ಉಟ್ಟು ಐದೇ ನಿಮಿಷದಲ್ಲಿ ಹೊರಗೆ ಬಂದಳು. ಎಪ್ಪತ್ತೆಂಟರ ಅವ್ವ ಸಿದ್ಧಳಾಗಿ ನಿಂತ ಮೇಲೆ, ನನಗೆ ಬರುವುದಿಲ್ಲ, ಹೆದರಿಕೆಯಾಗುತ್ತದೆ ಎಂದು ಹೇಳುವ ಅವಕಾಶವೇ ನನಗೆ ಉಳಿಯಲಿಲ್ಲ.

ಢೋಲಕಿಗೆ ಬಸಣ್ಣನನ್ನು ಕರೆದೆ. ಬಸಣ್ಣ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮಾಲೀಕ, ನಮ್ಮ ಭಜನಾ ಮಂಡಳಿಯ ಎರಡೂ ಕೈ. ಹಿಟ್ಟಿನ ಚೀಲ ಸಾಗಿಸುವ ಅವನ ಟೆಂಪೊದಲ್ಲೇ ನಾವು ದಾಂಡೇಲಿಗೆ ಹೋದದ್ದು. ಇಳಿಯುವಾಗ ಪೇಟಿ, ಢೋಲಕಿ, ನಾನು, ಮೂವರೂ ಜೋಳದ ಹಿಟ್ಟಿನಲ್ಲಿ ಬಿಳಿಯಾಗಿದ್ದೆವು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಅವ್ವ ಮಾತ್ರ ಹೇಗೆ ಹೊರಟಿದ್ದಳೋ ಹಾಗೇ ಇಳಿದಳು.

ಅಂಗಳದಲ್ಲಿ ನಮ್ಮ ಹಿಮ್ಮೇಳದ ಮೂರನೆಯವನು ಆಗಲೇ ಬಂದು ಕುಳಿತಿದ್ದ. ಇನಾಸ ಮಾಮಾ. ಕ್ಯಾಸಲ್‌ರಾಕಿನಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದು ನಿವೃತ್ತನಾದವನು, ಈಗ ದಾಂಡೇಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅರವತ್ತೊಂಬತ್ತು ವರ್ಷದ ಇವನು ಒಂದು ಕಾಲಕ್ಕೆ ಈ ಕಡೆಯ ಮದುವೆಗಳಲ್ಲಿ ಕ್ಲಾರಿನೆಟ್ ಊದಿದರೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಜಗಳ ನಿಲ್ಲಿಸಿ ಕೇಳುತ್ತಿದ್ದರು. ಆದರೆ ಒಂದು ವರ್ಷದಿಂದ ಅವನು ವಾದ್ಯವನ್ನು ಮುಟ್ಟಿರಲಿಲ್ಲ. ಮಂಜುಳಾ ಹೇಗೋ ಮಾಡಿ ಕರೆತಂದಿದ್ದಳು. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದುಕೊಂಡು ಕುಳಿತಿದ್ದ.

"ಮರ ತೆಗೆಯಾಕ ಎಷ್ಟು ಹೊತ್ತು ಹಿಡೀತೈತಿ ಮಾಮಾ?" ಎಂದು ಬಸಣ್ಣ ಕೇಳಿದ.

"ಮರಾ ದೊಡ್ಡದ ಅಸಲ ತರ ಸಂಜಿ ಆತು" ಎಂದ, ಅರ್ಧ ಕೊಂಕಣಿ ಬೆರೆಸಿ, ತುಟಿ ಬಿಚ್ಚಿಯೂ ಬಿಚ್ಚದೆ; ದೊಡ್ಡ ಮರವಾದರೆ ಸಂಜೆಯಾದಂತೆಯೇ ಎಂದು ಅದರ ಅರ್ಥ.

ಆಗ ಒಳಗಿನಿಂದ ಲೋರಾ ಬಂದರು. ಎತ್ತರದ, ತುಂಬಿದ ಮೈಯ ಹೆಂಗಸು. ವಯಸ್ಸು ಎಪ್ಪತ್ತರ ಹತ್ತಿರ. ಮೊಣಕಾಲು ನೋವಿಗೆ ಕೋಲು ಹಿಡಿದಿದ್ದರು. ನಮ್ಮನ್ನೂ ನಮ್ಮ ಮೇಲಿದ್ದ ಹಿಟ್ಟನ್ನೂ ಒಂದು ಸುತ್ತು ನೋಡಿ, "ಇವರೇನಾ ನನ್ನ ಬ್ಯಾಂಡು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಂಜುಳಾ ಹೌದೆಂದಳು. "ಒಳ್ಳೆಯದಾಯಿತು" ಎಂದು ಅವರು ಕುರ್ಚಿ ಎಳೆದುಕೊಂಡು ನನ್ನ ಪೇಟಿಯ ಎದುರೇ ಕುಳಿತರು. ಬಾಯಿಮಾತಿಗೆ ಹೇಳಿದ್ದು ಅನಿಸಲಿಲ್ಲ. ಅಷ್ಟು ಹೊತ್ತು ಹೊಟ್ಟೆಯಲ್ಲಿ ಹಿಡಿದುಕೊಂಡಿದ್ದ ಉಸಿರನ್ನು ನಾನು ಅರ್ಧ ಬಿಟ್ಟೆ.

ಉಳಿದರ್ಧ ಬಿಡುವುದಕ್ಕೆ ಒಂದು ತಾಸು ಬೇಕಾಯಿತು. ಯಾವ ಶ್ರುತಿ ಎಂದು ಕೇಳಿದರೆ ಅವರು 'ಎ' ಎಂದರು. ನನಗೆ ಎ ಗೊತ್ತಿಲ್ಲ. ಪಟ್ಟಿ ಎಣಿಸಿ ಹೇಳುವ ಬಿಳಿ ಒಂದು, ಕರಿ ಎರಡು ಗೊತ್ತು. ಅವರು ಹಾಡಿ ತೋರಿಸಿದರು, ನಾನು ಒಂದೊಂದೇ ಮನೆ ತಟ್ಟುತ್ತ ಹುಡುಕಿದೆ. ಬಿಳಿ ಆರು! ನಾವಿಬ್ಬರೂ ಕಳೆದುಹೋದ ನೆಂಟರನ್ನು ಕಂಡವರ ಹಾಗೆ ಕೂಗಿದೆವು. ಆಮೇಲೆ ಅವರು ಬೆರಳೆಣಿಸುತ್ತ ದಾರಿ ಹೇಳಿದರು: ಷಡ್ಜದಲ್ಲಿ ನಾಲ್ಕು ಸುತ್ತು, ಮಧ್ಯಮದಲ್ಲಿ ಎರಡು, ಮತ್ತೆ ಷಡ್ಜದಲ್ಲಿ ಎರಡು, ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಹಾಡಿನ ಸ್ವಂತ ಮನೆಯಾದ ಷಡ್ಜಕ್ಕೆ ಬಂದು ಎರಡು. ಒಟ್ಟು ಹನ್ನೆರಡು. ಹಾಡು ಯಾವುದೇ ಇರಲಿ, ದಾರಿ ಇಷ್ಟೇ.

"ಹನ್ನೆರಡಂದ್ರ ಏಕತಾಲ!" ಎಂದು ಬಸಣ್ಣ ಹನ್ನೆರಡು ಸುತ್ತನ್ನು ಹನ್ನೆರಡು ಪೆಟ್ಟೆಂದು ತಿಳಿದು ಖುಷಿಯಿಂದ ಶುರುಮಾಡಿಬಿಟ್ಟ. ಲೋರಾ ಒಂದು ಕಡೆಗೆ ಹೋದರು, ಬಸಣ್ಣ ಇನ್ನೊಂದು ಕಡೆಗೆ ಹೋದ, ನಾನು ಇಬ್ಬರ ಮಧ್ಯೆ ನಿಂತು ಯಾವ ಬಸ್ಸು ಹತ್ತಲೆಂದು ತಿಳಿಯದವಳಂತಾದೆ. ಮೂರು ಸಲ ಹಾಗೆಯೇ ಆಯಿತು. ಅವ್ವ ತೆಂಗಿನ ಮರದ ಕೆಳಗೆ ಕುಳಿತು, "ಬಸ್ಯಾ, ಆಕಿ ಹಾಡೂದನ್ನ ಸೊಲ್ಪ ಕೇಳಿಸ್ಕೊಂಡು ಬಾರಿಸೋ" ಎಂದಳು.

ಲೋರಾ ಸಿಟ್ಟಾಗಲಿಲ್ಲ. ನೀರು ಕುಡಿಯಲು ಎದ್ದು ಅಂಗಳ ದಾಟಿ ಹೋದರು. ಬಸಣ್ಣ ಅವರು ನಡೆಯುವುದನ್ನೇ ನೋಡುತ್ತ ಕುಳಿತಿದ್ದ. ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ, ಕೋಲು. ಉದ್ದ, ಗಿಡ್ಡ, ಕೋಲು. ಅವನ ಬೆರಳು ತನ್ನಷ್ಟಕ್ಕೆ ಢೋಲಕಿಯ ಮೇಲೆ ಅದನ್ನೇ ನುಡಿಸತೊಡಗಿತು. ಅದು ನಮ್ಮ ಭಜನೆಯ ಕೇರವಾ ತಾಳವೇ, ಆದರೆ ಒಂದು ಕಡೆಗೆ ವಾಲಿಕೊಂಡು ನಡೆಯುವ ಕೇರವಾ. ಲೋರಾ ನಡೆಯುವುದನ್ನು ನಿಲ್ಲಿಸಿ ತಿರುಗಿದರು. ಢೋಲಕಿಯೂ ನಿಂತಿತು. ಬಸಣ್ಣನ ಮುಖ ಬಿಳಿಚಿಕೊಂಡಿತು. ಅಣಕಿಸಿದನೆಂದು ತಿಳಿದರೇನೋ ಎಂದು ನಾನೂ ಹೆದರಿದೆ. ಅವರು ಎರಡು ಹೆಜ್ಜೆ ಇಟ್ಟು ನಿಂತು, ಹುಬ್ಬು ಹಾರಿಸಿ, ಮುಂದುವರಿಸು ಎಂಬಂತೆ ಕೋಲಿನಿಂದ ನೆಲ ತಟ್ಟಿದರು. ಅವನು ಬಾರಿಸಿದ. ಅವರು ನಡೆಯುತ್ತಲೇ ಹಾಡಿದರು. ನನ್ನ ಎಡಗಾಲು ಕೆಟ್ಟದ್ದು ಆ ಗಳಿಗೆಯಲ್ಲಿ.

ಹಾಡಿನಲ್ಲಿ ಒಂದು ಜಾಗ ನನಗೆ ಸಿಗುತ್ತಲೇ ಇರಲಿಲ್ಲ. ಅವರ ಗಾಂಧಾರ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಎರಡರ ನಡುವೆ, ಪೇಟಿಯಲ್ಲಿ ಮನೆಯೇ ಇಲ್ಲದ ಜಾಗದಲ್ಲಿ ಕುಳಿತಿತ್ತು. ಒಂದನ್ನು ಒತ್ತಿದರೆ ಕೆಳಗೆ, ಇನ್ನೊಂದನ್ನು ಒತ್ತಿದರೆ ಮೇಲೆ. ಗಾಬರಿಯಲ್ಲಿ ಬೆರಳು ಜಾರಿ ಎರಡನ್ನೂ ಒಟ್ಟಿಗೆ ಒತ್ತಿಬಿಟ್ಟೆ. ನಲವತ್ತು ವರ್ಷದ ಹಿಂದಿನ ಹಣಿಗೆ ಎಲ್ಲಿಂದ ಬೀಳುತ್ತದೋ ಎಂದು ಕೈ ಹಿಂದಕ್ಕೆಳೆದುಕೊಂಡೆ. ಲೋರಾ ಹಾಡು ನಿಲ್ಲಿಸಿ ನನ್ನ ಕಡೆ ಬಗ್ಗಿದರು.

"ಈಗ ಮಾಡಿದೆಯಲ್ಲ, ಅದನ್ನು ಇನ್ನೊಮ್ಮೆ ಮಾಡು."

ಮಾಡಿದೆ. ಅವರು ಕಣ್ಣು ಮುಚ್ಚಿ ನಕ್ಕರು. "ಅದೇ. ಅದನ್ನು ಬಿಡಬೇಡ." ಆ ದಿನ ನಾನು ಆ ತಪ್ಪನ್ನು ಎಷ್ಟು ಸಲ ಮಾಡಿದೆನೆಂದರೆ, ಮಾಸ್ತರರ ಆತ್ಮ ಮೇಲೆ ಎಲ್ಲಾದರೂ ಕುಳಿತು ಕೇಳಿದ್ದರೆ ಹಣಿಗೆ ಹುಡುಕಿಕೊಂಡು ಕೆಳಗಿಳಿಯುತ್ತಿತ್ತು.

ಇನ್ನು ಉಳಿದವನು ಇನಾಸ ಮಾಮಾ. ಪೆಟ್ಟಿಗೆಯನ್ನು ತೆರೆದೇ ಇರಲಿಲ್ಲ. ಯಾಕೆಂದು ಲೋರಾ ಕೇಳಿದರು. ಅವನು ತಲೆ ತಗ್ಗಿಸಿದ. ನನ್ನ ಕಡೆ ಬಗ್ಗಿ ಕಿವಿಯಲ್ಲಿ, "ಅಕ್ಕೋರ, ಹಲ್ಲು ಕಟ್ಟಿಸೇನಿ. ಊದಿದ್ರ ಜಾರತಾವ. ತೆಗದ್ರ ಬಾಯಿ ಮುದುಕನಂಗ ಕಾಣತೈತಿ. ಇಷ್ಟು ಮಂದ್ಯಾಗ ಹೆಂಗ ತೆಗೀಲಿ?" ಎಂದ. ಮದುವೆಗಳ ಜಗಳ ನಿಲ್ಲಿಸುತ್ತಿದ್ದ ಮನುಷ್ಯ ಒಂದು ವರ್ಷ ಮೂಲೆ ಹಿಡಿದು ಕುಳಿತದ್ದು ಇದಕ್ಕೆ.

ಇದನ್ನು ಇಂಗ್ಲಿಷಿನಲ್ಲಿ ಹೇಳುವುದು ನನಗೆ ಬರಲಿಲ್ಲ. ನನ್ನ ಇಂಗ್ಲಿಷು ಐದನೇ ತರಗತಿಯ ಪಠ್ಯಪುಸ್ತಕದ ಆಚೆಗೆ ಹೋಗುವುದಿಲ್ಲ, ಅಲ್ಲಿ ಕಟ್ಟಿಸಿದ ಹಲ್ಲಿನ ಪಾಠವಿಲ್ಲ. ಬಾಯಿಯ ಕಡೆ ಕೈ ಮಾಡಿ ಏನೇನೋ ಅಭಿನಯಿಸಿದೆ. ಲೋರಾಗೆ ತಿಳಿಯಿತು. ಅವರು ಆಚೀಚೆ ನೋಡಿದರು, ಇನಾಸ ಮಾಮಾನ ಎದುರಿಗೆ ಬಂದು ಬಗ್ಗಿದರು, ಕೈ ಬಾಯಿಗೆ ಹೋಯಿತು, ಮರುಕ್ಷಣ ಅಂಗೈಯಲ್ಲಿ ಮೇಲಿನ ಸಾಲಿನ ಹಲ್ಲು ಪೂರ್ತಿ ಕುಳಿತಿತ್ತು. ಬೊಚ್ಚುಬಾಯಲ್ಲಿ ಅಗಲವಾಗಿ ನಕ್ಕರು.

ಇನಾಸ ಮಾಮಾ ಅವರ ಅಂಗೈಯನ್ನೂ ಬಾಯನ್ನೂ ನೋಡಿದ. ಆಮೇಲೆ ಅವನು ನಕ್ಕದ್ದನ್ನು ನೀವು ನೋಡಬೇಕಿತ್ತು. ತನ್ನವನ್ನೂ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಪೆಟ್ಟಿಗೆ ತೆರೆದ. ಮೊದಲ ಊದಿಗೆ ಗಾಳಿ ಮಾತ್ರ ಬಂತು. ಎರಡನೆಯದಕ್ಕೆ ಬಾತುಕೋಳಿ ಕೂಗಿತು. ನಾಲ್ಕನೆಯದಕ್ಕೋ ಐದನೆಯದಕ್ಕೋ ಹಳೆಯ ಸ್ವರ ಬಂತು. ಮೊದಲಿಗಿಂತ ತುಸು ಒರಟು, ತುಸು ಕರಗಿದ್ದು. ಲೋರಾ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡರು.

ನಾಲ್ಕಕ್ಕೆ ಅಂಗಳ ತುಂಬಿತ್ತು. ಮಂಜುಳಾಳ ಅತಿಥಿಗಳು, ಮಿಲ್ಲಿನ ಕ್ವಾರ್ಟರ್ಸಿನವರು, ಬಸಣ್ಣ ಫೋನು ಮಾಡಿ ಕರೆಸಿದ ನಮ್ಮ ಭಜನಾ ಮಂಡಳಿಯ ಹೆಂಗಸರು, ಮುಂಡಗೋಡಿನಿಂದ ಯಾವುದೋ ಕೆಲಸಕ್ಕೆ ಬಂದಿದ್ದ ಇಬ್ಬರು ಟಿಬೆಟನ್ ಭಿಕ್ಷುಗಳು. ಲೋರಾ ಶುರುಮಾಡಿದರು. ಮೊದಲ ಹಾಡಿನಲ್ಲಿ ನಾನು ಒಂದು ಸುತ್ತು ಮೊದಲೇ ಮನೆಗೆ ಬಂದುಬಿಟ್ಟೆ. ಅವರು ಹಾಡುತ್ತಲೇ ಕೋಲಿನ ತುದಿಯಿಂದ ನನ್ನನ್ನು ಮಧ್ಯಮಕ್ಕೆ ವಾಪಸು ಅಟ್ಟಿದರು. ಎರಡನೆಯ ಹಾಡಿಗೆ ಮೂವರಿಗೂ ದಾರಿ ಕಾಲಿಗೇ ಗೊತ್ತಾಗಿತ್ತು. ಅವರು ಒಂದು ಸಾಲು ಹಾಡಿ ಜನರ ಕಡೆ ಕಿವಿ ಚಾಚಿದರೆ, ಉತ್ತರ ಹೇಳಲು ನಮ್ಮ ಭಜನೆಯವರಿಗೆ ಯಾರೂ ಕಲಿಸಬೇಕಾಗಲಿಲ್ಲ. ಒಬ್ಬರು ಹೇಳಿದ್ದನ್ನು ಹತ್ತು ಮಂದಿ ತಿರುಗಿ ಹೇಳುವುದೇ ಅವರ ಸೋಮವಾರದ ಕೆಲಸ. ಪದ ಏನೆಂದು ಗೊತ್ತಿಲ್ಲದಿದ್ದರೂ ಎಂಥ ಗಟ್ಟಿ ದನಿಯಲ್ಲಿ ಹೇಳಿದರೆಂದರೆ, ಹೊಳೆಯಾಚೆಯ ಮರದಿಂದ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುತ್ತ ಎದ್ದುಹೋಯಿತು.

ಐದು ಗಂಟೆ ಆಗುತ್ತಿದ್ದಂತೆ ಕರೆಂಟು ಹೋಯಿತು. ಲೋರಾ ಅವರ ದನಿ ಒಮ್ಮೆಲೆ ಚಿಕ್ಕದಾಯಿತು. ಮಂಜುಳಾ ತಲೆಯ ಮೇಲೆ ಕೈ ಹೊತ್ತಳು. ಆದರೆ ನನ್ನ ಪೇಟಿಗೆ ಬೇಕಾದದ್ದು ಗಾಳಿ, ಬಸಣ್ಣನ ಢೋಲಕಿಗೆ ಅಂಗೈ, ಇನಾಸ ಮಾಮಾನಿಗೆ ಉಸಿರು. ನಾವು ನಿಲ್ಲಿಸಲೇ ಇಲ್ಲ. ಜನರೇ ಕುರ್ಚಿ ಎತ್ತಿಕೊಂಡು ಹತ್ತಿರ ಬಂದು ಒತ್ತಾಗಿ ಕುಳಿತರು. ಲೋರಾ ಮೈಕು ಪಕ್ಕಕ್ಕಿಟ್ಟು, ಮನೆಯ ಪಡಸಾಲೆಯಲ್ಲಿ ಕುಳಿತವರಂತೆ ಮಾತಾಡತೊಡಗಿದರು. ತನ್ನ ಅಜ್ಜಿ ಬೇರೆಯವರ ಮನೆಯ ಬಟ್ಟೆ ಒಗೆಯುತ್ತ ಹಾಡುತ್ತಿದ್ದಳೆಂದೂ ಅವಳಿಂದಲೇ ತಾನು ಹಾಡು ಕಲಿತದ್ದೆಂದೂ ಹೇಳಿ, "ನಿಮ್ಮಲ್ಲಿ ಕೆಲಸ ಮಾಡುತ್ತ ಹಾಡುವವರು ಯಾರೂ ಇಲ್ಲವೇ?" ಎಂದು ಕೇಳಿದರು. ಮಂಜುಳಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಗಂಗವ್ವ ಅದಾಳಲ್ರಿ! ಬೀಸೂ ಪದಾ ಬರ್ತಾವ ಆಕಿಗೆ!" ಎಂದು ಬಸಣ್ಣ ಕೂಗಿಬಿಟ್ಟ.

ಗಂಗವ್ವ ಎಂದರೆ ನಮ್ಮ ಅವ್ವ. ಅವಳು ನಾಲ್ಕು ಜನರ ಮುಂದೆ ಒಂದು ದಿನವೂ ಹಾಡಿದವಳಲ್ಲ. ಭಜನೆಯಲ್ಲೂ ತುಟಿ ಮಾತ್ರ ಆಡಿಸುತ್ತಾಳೆ. "ನಿನ್ನ ಗಿರಣಿ ಬಂದಾಗಿಂದ ಬೀಸೂ ಪದಾನ ನಿಂತಾವಲ್ಲೋ ಬಸ್ಯಾ" ಎಂದು ಅವನ ಮೇಲೆಯೇ ಹರಿಹಾಯ್ದಳು. ಎಲ್ಲರೂ ನಕ್ಕರು. ನಾನು ಅವಳನ್ನು ಪಾರುಮಾಡಲೆಂದು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಲೋರಾ ಮಂಜುಳಾಳ ಹೆಗಲು ಹಿಡಿದು, ನೋವಿನ ಮೊಣಕಾಲನ್ನು ಮೆಲ್ಲಗೆ ಮಡಚಿ, ಅವ್ವ ಕುಳಿತಿದ್ದ ಚಾಪೆಯ ಮೇಲೆ ನೆಲಕ್ಕೇ ಕುಳಿತುಬಿಟ್ಟರು. ಅವರು ಕುಳಿತುಕೊಳ್ಳಲು ಪಟ್ಟ ಕಷ್ಟವನ್ನು ಅವ್ವ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಒಂದಽ ಮತ್ತ" ಎಂದಳು.

ಬಲಗೈ ಬೀಸುಕಲ್ಲಿನ ಗೂಟ ಹಿಡಿದಂತೆ ಗಾಳಿಯಲ್ಲಿ ಸುತ್ತತೊಡಗಿತು.

ಹೊಳಿದಾಟಿ ಹ್ವಾದಾನ ಹೊಗಿಯುಗುಳೊ ಊರೀಗೆ
ಹಸರ ಬಳಿ ತರತೇನ ಅಂದಾನ, ಬೀಸಕಲ್ಲ
ದಿನವೆಲ್ಲ ನೀ ತಿರಗಿ, ಅಂವ ತಿರಗಿ ಬರವಲ್ಲ

ಈ ಪದ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅವ್ವ ಬೀಸುವಾಗ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಎಲ್ಲ ಹೆಂಗಸರೂ ಹಾಡುವ ಎಷ್ಟೋ ಪದಗಳಲ್ಲಿ ಇದೂ ಒಂದೆಂದು ತಿಳಿದಿದ್ದೆ. ಅವ್ವನ ದನಿ ಎರಡನೇ ಸಾಲಿಗೆ ಗಟ್ಟಿಯಾಯಿತು. ನಾನು ಷಡ್ಜವನ್ನಷ್ಟೇ ಹಿಡಿದೆ. ಬಸಣ್ಣ ಅಂಗೈಯನ್ನು ಚರ್ಮದ ಮೇಲೆ ಕಲ್ಲು ತಿರುಗುವ ಹಾಗೆ ಸವರಿದ. ಇನಾಸ ಮಾಮಾ ಅವ್ವ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಒಂದೆಳೆ ಊದಿದ. ಲೋರಾ ಕಣ್ಣು ಮುಚ್ಚಿ, ಬಾಯಿ ತೆರೆಯದೆ, ಅವ್ವನ ದನಿಗಿಂತ ಕೆಳಗೆ ಗುನುಗುತ್ತಿದ್ದರು. ಇಡೀ ಮಧ್ಯಾಹ್ನ ನಾವು ಮೂವರು ಅವರ ಹಿಮ್ಮೇಳವಾಗಿದ್ದೆವು. ಈಗ ಅವರೂ ಬಂದು ನಮ್ಮ ಸಾಲಿನಲ್ಲಿ ಸೇರಿಕೊಂಡಿದ್ದರು.

ಪದ ಮುಗಿದಾಗ ಚಪ್ಪಾಳೆ ಗೇಟಿನ ಕಡೆಯಿಂದಲೂ ಕೇಳಿಸಿತು. ತಿರುಗಿ ನೋಡಿದರೆ ಗಿಟಾರಿನ ಚೀಲ ಬೆನ್ನಿಗೆ ಹಾಕಿಕೊಂಡ ಮೂವರು ನಿಂತಿದ್ದರು. ಘಟ್ಟದಲ್ಲಿ ಸಿಕ್ಕಿಬಿದ್ದಿದ್ದ ನಿಜವಾದ ಬ್ಯಾಂಡು! ಬಂದು ಎಷ್ಟು ಹೊತ್ತಾಗಿತ್ತೋ. ನಾನು ಪೇಟಿ ಮುಚ್ಚಲು ಹೊರಟೆ. ಅವರಲ್ಲಿ ಹಿರಿಯನಾದವನು ಬೇಡ ಎಂಬಂತೆ ಕೈಯಾಡಿಸಿ, ಚೀಲ ಇಳಿಸಿ, ಬಸಣ್ಣನ ಮಗ್ಗುಲಿಗೆ ನೆಲದ ಮೇಲೆ ಕುಳಿತ.

ಲೋರಾ ಅವ್ವನ ಕೈ ಬಿಟ್ಟಿರಲಿಲ್ಲ. "ಈ ಹಾಡು ಯಾರದು?" ಎಂದು ನನ್ನನ್ನು ಕೇಳಿದರು. ಹಳೆಯದು, ಜನಪದ, ಯಾರದೆಂದು ಗೊತ್ತಿಲ್ಲ ಎಂದು ಮೇಡಂ ಗತ್ತಿನಲ್ಲಿ ಹೇಳಬೇಕೆಂದಿದ್ದೆ. ಸುಮ್ಮನೆ ಅವ್ವನಿಗೂ ಒಂದು ಮಾತು ಕೇಳಿದೆ.

"ನಂದಽ" ಎಂದಳು ಅವ್ವ. "ನಿಮ್ಮಪ್ಪ ಮಿಲ್ಲಿಗೆ ಕೆಲಸಕ್ಕ ಅಂತ ಇಲ್ಲಿಗೆ ಬಂದನಲ್ಲ, ನನ್ನ ಊರಾಗ ಬಿಟ್ಟು. ಆವಾಗ ಕಟ್ಟಿದ್ದು."

ಹೊಗೆಯುಗುಳುವ ಊರು! ನಾನು ಹುಟ್ಟಿ ಬೆಳೆದ ಊರಿನ ಚಿಮಣಿಯನ್ನು ಆ ಪದದಲ್ಲಿ ಐವತ್ತು ವರ್ಷ ಕೇಳಿಯೂ ಕಂಡಿರಲಿಲ್ಲ. ನಾನು ಕನ್ನಡ ಕಲಿಸುವ ಶಿಕ್ಷಕಿ. ಪದ್ಯದ ಭಾವಾರ್ಥ ಬರೆಯಿರಿ ಎಂದು ಮಕ್ಕಳಿಗೆ ಅಂಕ ಕಳೆಯುವವಳು. ನನ್ನ ಪೆಚ್ಚುಮುಖ ನೋಡಿ ಅವ್ವ ನಕ್ಕಳು.

ತಡವರಿಸುತ್ತ ಲೋರಾಗೆ ಅರ್ಥ ಹೇಳಿದೆ. ಅವರು ಅವ್ವನ ಕಡೆ ತಿರುಗಿ, "ಬಳೆ ತಂದನಾ?" ಎಂದು ಕೇಳಿದರು. ಇಬ್ಬರ ಮಧ್ಯೆ ಮಾತು ದಾಟಿಸುವ ಕೆಲಸ ನನ್ನದಾಯಿತು.

"ತಂದಾ" ಎಂದಳು ಅವ್ವ. "ಆರು ತಿಂಗಳಿಗೆ ಬಂದಾ. ಹಸರ ಬಳಿನ ತಂದಾ. ಕೈಯಾಗ ಏರಲಿಲ್ಲ. ಹಸುಗೂಸಿನ ಅಳತಿ ತಂದಿದ್ದ."

"ಆಮೇಲೆ?"

"ಆಮ್ಯಾಲೇನು? ಅಳತಿ ತೋರಸಾಕ ಅಂವನ ಕೂಡ ದಾಂಡೇಲಿಗೆ ಬಂದ್ಬಿಟ್ಟೆ!"

ಇದನ್ನು ಇಂಗ್ಲಿಷಿಗೆ ತರಬೇಕೆಂದು ನಾನು ಬಾಯಿ ತೆರೆದೆ. ಅವ್ವ ಆಗಲೇ ಎಡಗೈ ಮುಂದೆ ಚಾಚಿ, ಮಣಿಕಟ್ಟನ್ನು ಬಲಗೈ ಬೆರಳಿನಿಂದ ಸುತ್ತಿ ಹಿಡಿದು, ಬಳೆಗಾರನಿಗೆ ತೋರಿಸುವಂತೆ ಲೋರಾಗೆ ಅಳತೆ ತೋರಿಸುತ್ತಿದ್ದಳು. ನನ್ನ ಮಾತಿಗೆ ಕಾಯದೆ ಲೋರವ್ವ ನಗಲು ಶುರುಮಾಡಿದರು.